ವಾರಿಜಕ್ಕ ಚೀಲ ಬಿಚ್ಚಲಿಲ್ಲ

ವಾರಿಜಕ್ಕನಿಗೆ ಸಿಟ್ಟು ಬಂದಿದೆ ಎಂದು ನಮಗೆ ಗೊತ್ತಾಗುತ್ತಿದ್ದದ್ದು ಅವರು ಕನ್ನಡ ಮಾತಾಡಲು ತೊಡಗಿದಾಗ. ನಗು, ತಮಾಷೆ, ಬೈಗುಳ, ಬಂಗುಡೆ ಮೀನಿನ ಕ್ರಯ ಎಲ್ಲವೂ ತುಳುವಿನಲ್ಲಿ. ಸಿಟ್ಟು ಮಾತ್ರ ಕನ್ನಡದಲ್ಲಿ. ಅದೂ ಏಳನೆಯ ಕ್ಲಾಸಿನ ಪಾಠಪುಸ್ತಕದ ಕನ್ನಡ. ಸ್ವರ ಏರಿಸದೆ, ಒಂದೊಂದು ಶಬ್ದವನ್ನೂ ಬಿಡಿಸಿ ಇಟ್ಟ ಹಾಗೆ ಹೇಳುತ್ತಿದ್ದರು. "ತಾವು ಯಾವ ಅಧಿಕಾರದಿಂದ ಇದನ್ನು ಹೇಳುತ್ತಿದ್ದೀರಿ?" ಎಂದು ಅವರು ಕೇಳಿದರೆ ನಮ್ಮ ಸೂಪರ್‌ವೈಸರ್ ಕೈಯಲ್ಲಿದ್ದ ಪೆನ್ನು ಕೆಳಗಿಡುತ್ತಿದ್ದ.

ನಾನು ಅವರನ್ನು ಮೊದಲು ಕಂಡದ್ದು ಮೂಡುಬಿದಿರೆಯ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ಮೊದಲು ಎರಡು ವರ್ಷ ನಾನು ಅಲ್ಲಿ ಬೀಜದ ಸಿಪ್ಪೆ ತೆಗೆಯುವ ಕೆಲಸ ಮಾಡಿದೆ. ವಾರಿಜಕ್ಕನಿಗೆ ಆಗ ನಲವತ್ತೈದರ ಆಸುಪಾಸು. ಹದಿನಾರನೆಯ ವಯಸ್ಸಿನಿಂದಲೂ ಗೇರುಬೀಜ ಒಡೆದು ಒಡೆದು ಅದರ ಎಣ್ಣೆಗೆ ಬೆರಳ ತುದಿಗಳೆಲ್ಲ ಸುಟ್ಟು ಕಪ್ಪಾಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. "ನಾನು ಇದ್ದೇನಾ ಇಲ್ಲವಾ ಅಂತ ಈ ಡಬ್ಬಕ್ಕೆ ಸಂಶಯ ಮಾರಾಯ್ತಿ. ಎದುರಿಗೇ ನಿಂತಿದ್ದೇನೆ!" ಎಂದು ನಗುತ್ತಿದ್ದರು. ಮದುವೆಯಾಗಿರಲಿಲ್ಲ. ಸಿದ್ದಕಟ್ಟೆಯಿಂದ ಒಳಗೆ ಹೋದರೆ ಸಿಗುವ ಮನೆಯಲ್ಲಿ ಅವರು ಮತ್ತು ತಮ್ಮ ಉಮೇಶ, ಇಬ್ಬರೇ.

ಕಾರ್ಖಾನೆಯಿಂದ ಹೊರಬೀಳುವಾಗ ಪ್ರತಿ ಸಂಜೆ ನಮ್ಮನ್ನು ತಪಾಸಣೆ ಮಾಡುತ್ತಿದ್ದರು. ಯಾರಾದರೂ ಸೆರಗಿನಲ್ಲಿ ನಾಲ್ಕು ಬೀಜ ಕಟ್ಟಿಕೊಂಡು ಹೋದರೆ ಮಾಲೀಕರು ಮುಳುಗಿ ಹೋಗುತ್ತಾರಲ್ಲ! ಹಿಂದೆಲ್ಲ ಗೇಟಿನ ಬಳಿ ಸಾಲಾಗಿ ನಿಲ್ಲಿಸಿ ಒಬ್ಬಳು ಮೈಮೇಲೆ ಕೈಯಾಡಿಸುತ್ತಿದ್ದಳಂತೆ. ಲಾರಿಗೆ ಲೋಡ್ ಮಾಡುವ ಗಂಡಸರು ನೋಡುತ್ತಾ ನಿಲ್ಲುತ್ತಿದ್ದರಂತೆ. ವಾರಿಜಕ್ಕ ಮೂರು ಸಂಜೆ ಗೇಟಿನ ಒಳಗೇ ಕೂತುಬಿಟ್ಟರು. ಮುಟ್ಟಲು ಬಿಡಲಿಲ್ಲ, ಹೊರಗೂ ಹೋಗಲಿಲ್ಲ. "ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನೋಡುವುದಕ್ಕೆ ಒಂದು ಕ್ರಮ ಉಂಟು. ಆ ಕ್ರಮದಲ್ಲಿ ನೋಡಿ" ಎಂದರು. ನಾಲ್ಕನೆಯ ದಿನ ಕಾರ್ಖಾನೆಯವರು ಒಂದು ಹಳೆಯ ಬೆಡ್‌ಶೀಟನ್ನು ಅಡ್ಡ ಕಟ್ಟಿದರು. ನಾನು ಸೇರುವಾಗ ಆ ಪರದೆ ಇತ್ತು. ಅದು ಮೊದಲಿನಿಂದಲೂ ಇತ್ತೆಂದೇ ನಾನು ತಿಳಿದಿದ್ದೆ.

ಈಗ ನಾನು ಹೇಳಲು ಹೊರಟದ್ದು ಮಾರ್ಚ್ ತಿಂಗಳ ಒಂದು ಸಂಜೆಯ ಕತೆ. ನಮ್ಮನ್ನು ಸಿದ್ದಕಟ್ಟೆಗೆ ಬಿಡುವ ವ್ಯಾನಿನಲ್ಲಿ ಹನ್ನೆರಡು ಮಂದಿ ಹೆಂಗಸರಿದ್ದೆವು. ಐದೂವರೆಯ ಹೊತ್ತಿಗೆ ತಿರುವಿನ ಅಂಗಡಿಯ ಎದುರು ಪೊಲೀಸ್ ಜೀಪು ನಿಂತಿತ್ತು. ಕೈ ಅಡ್ಡ ಮಾಡಿದರು. ಡ್ರೈವರ್ ಲೈಸೆನ್ಸು, ವ್ಯಾನಿನ ಕಾಗದಪತ್ರ ಎಲ್ಲ ತೋರಿಸಿದ. ಎಲ್ಲವೂ ಸರಿ ಇತ್ತು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಆ ಮಧ್ಯಾಹ್ನ ಯಾವುದೋ ಮದುವೆ ಹಾಲಿನಲ್ಲಿ ಚಿನ್ನ ಕಳವಾಗಿತ್ತಂತೆ. ನಾವು ಬೆಳಗ್ಗಿನಿಂದ ಕಾರ್ಖಾನೆಯಲ್ಲಿದ್ದವರು. ಮದುವೆಗೆ ಹೋಗಿ ಬಂದವರ ಕಾರುಗಳು ನಮ್ಮ ಪಕ್ಕದಲ್ಲೇ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅವುಗಳ ಗಾಜಿನ ಹಿಂದೆ ಮಲ್ಲಿಗೆ ಮುಡಿದ ತಲೆಗಳು ಕಾಣುತ್ತಿದ್ದವು. ಒಂದನ್ನೂ ನಿಲ್ಲಿಸಲಿಲ್ಲ. ನಮಗೆ ಮಾತ್ರ, "ಎಲ್ಲ ಇಳೀರಿ. ಚೀಲ ಬಿಚ್ಚಿ."

ಬಾಗಿಲ ಬಳಿ ಕೂತಿದ್ದ ನಾನೇ ಮೊದಲು ಇಳಿದೆ. ನಾನೇ ಮೊದಲು ಚೀಲ ಕೊಟ್ಟೆ. ಕಾನ್‌ಸ್ಟೇಬಲ್ ಅದನ್ನು ವ್ಯಾನಿನ ಮೆಟ್ಟಿಲ ಮೇಲೆ ಬೋರಲು ಹಾಕಿದ. ಬುತ್ತಿ, ಬಾಚಣಿಗೆ, ಬಸ್ಸಿನ ಟಿಕೇಟುಗಳು, ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು. ಅವನು ಆ ಪೇಪರನ್ನು ಮೆಲ್ಲಗೆ ಬಿಚ್ಚಿದ. ತಿಂಗಳ ಪ್ಯಾಡುಗಳು. ಒಂದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಎಂತದು ಇದು?" ಎಂದು ಕೇಳಿದ. ಅಂಗಡಿಯ ಬೆಂಚಿನಲ್ಲಿದ್ದ ಇಬ್ಬರು ನಕ್ಕರು. ಅದು ಏನೆಂದು ಅವನಿಗೆ ಗೊತ್ತಿತ್ತು. ನನ್ನ ಬಾಯಿಂದ ಹೇಳಿಸಬೇಕಾಗಿತ್ತು, ಅಷ್ಟೆ. ದೊಡ್ಡವರು ಕೇಳಿದ ಕೂಡಲೇ ಉತ್ತರ ಕೊಡಬೇಕು ಎಂದು ಕಲಿತವಳು ನಾನು. ಕೊಟ್ಟೆ. ಇಷ್ಟು ವರ್ಷಗಳಾದ ಮೇಲೂ ನನಗೆ ಸಿಟ್ಟು ಬರುವುದು ಅವನು ಕೇಳಿದ್ದಕ್ಕಲ್ಲ, ನಾನು ಉತ್ತರ ಕೊಟ್ಟದ್ದಕ್ಕೆ.

ವಾರಿಜಕ್ಕ ಕೆಳಗಿಳಿದು ನನ್ನ ಸಾಮಾನುಗಳನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ತುಂಬಿದರು. ಆಮೇಲೆ ತಮ್ಮ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಕನ್ನಡ ತೊಡಗಿದರು.

"ನನ್ನ ಹೆಸರು ವಾರಿಜ. ಮನೆ ಸಿದ್ದಕಟ್ಟೆಯ ಹತ್ತಿರ. ಕೆಲಸ ಗೇರುಬೀಜದ ಕಾರ್ಖಾನೆಯಲ್ಲಿ. ಇಷ್ಟು ನಾನು ಹೇಳುತ್ತೇನೆ. ನನ್ನ ಚೀಲ ನೀವು ಮುಟ್ಟುವ ಹಾಗಿಲ್ಲ."

"ಏಯ್, ಸುಮ್ಮನೆ ತೆಗಿ."

"ಹೆಂಗಸರನ್ನು ತಪಾಸಣೆ ಮಾಡಬೇಕಾದರೆ ಹೆಂಗಸು ಪೊಲೀಸ್ ಬರಬೇಕು. ಊರಿನ ಇಬ್ಬರು ಸಾಕ್ಷಿಗೆ ನಿಲ್ಲಬೇಕು. ಎಂತ ಸಿಕ್ಕಿತು, ಎಂತ ಸಿಗಲಿಲ್ಲ, ಬರೆದು ಕೊಡಬೇಕು. ಹಾಗೆ ಮಾಡಿ. ನಾನು ಓಡಿ ಹೋಗುವುದಿಲ್ಲ. ಇಲ್ಲೇ ನಿಂತಿರುತ್ತೇನೆ."

ಜೀಪಿನಲ್ಲಿ ಕೂತಿದ್ದ ಎಸ್‌ಐ ಇಳಿದು ಬಂದ. ಘಟ್ಟದ ಮೇಲಿನವನು, ಎಳೆ ವಯಸ್ಸು. "ಏನಮ್ಮಾ, ಏನ್ ನಿಂದು? ಚೀಲದಲ್ಲಿ ಏನಿದೆ?"

"ಅದಕ್ಕೆ ನಾನು ಉತ್ತರ ಕೊಡುವುದಿಲ್ಲ ಸರ್."

"ತಪ್ಪು ಮಾಡದೇ ಇದ್ದವ್ರಿಗೆ ಭಯ ಯಾಕಮ್ಮಾ?"

ವಾರಿಜಕ್ಕನ ಮುಖ ಒಮ್ಮೆಲೇ ಬಣ್ಣಗೆಟ್ಟಿತು. ಆ ಮಾತು ಅವರಿಗೆ ಎಲ್ಲೋ ತಾಗಿತ್ತು. ಆದರೆ ಹಿಂದೆ ಸರಿಯಲಿಲ್ಲ. "ಭಯ ಇಲ್ಲ ಸರ್. ಇದ್ದಿದ್ದರೆ ಬಿಚ್ಚಿ ತೋರಿಸುತ್ತಿದ್ದೆ" ಎಂದರು.

ಠಾಣೆಗೆ ಎಳೆದುಕೊಂಡು ಹೋಗುತ್ತೇನೆ ಎಂದು ಅವನು ಹೆದರಿಸಿದ. ಯಾವ ಕಾರಣಕ್ಕೆ ಎಂದು ಇವರು ಕೇಳಿದರು. ವ್ಯಾನಿನ ಕೀ ಕಿತ್ತುಕೊಂಡ. ಇವರು ರಸ್ತೆಯ ಬದಿಯ ಮೈಲುಗಲ್ಲಿನ ಮೇಲೆ ಕೂತರು. ಒಂದೂವರೆ ಗಂಟೆ ನಾವು ಹನ್ನೆರಡು ಮಂದಿ ಅಲ್ಲೇ ಇದ್ದೆವು. ಕೊನೆಗೆ ಒಬ್ಬಳು ಮಹಿಳಾ ಕಾನ್‌ಸ್ಟೇಬಲ್ ಸ್ಕೂಟಿಯಲ್ಲಿ ಬಂದಳು. ವ್ಯಾನಿನ ಬಾಗಿಲು ಮುಚ್ಚಿ, ಒಬ್ಬೊಬ್ಬರನ್ನೇ ಒಳಗೆ ಕರೆದು, "ಬೇಜಾರು ಮಾಡ್ಬೇಡಿ ಅಕ್ಕ" ಎನ್ನುತ್ತಾ ನೋಡಿದಳು. ವಾರಿಜಕ್ಕ ಆಗಲೂ ತಾವಾಗಿ ಚೀಲ ಬಿಚ್ಚಲಿಲ್ಲ. ಅವಳೇ ಬಿಚ್ಚಿ ನೋಡಿದಳು. ಖಾಲಿ ಬುತ್ತಿ, ಒಂದು ಛತ್ರಿ, ತಲೆನೋವಿನ ಮುಲಾಮು. ಅಷ್ಟನ್ನೇ ಬರೆದು ಕೊಡಿ ಎಂದು ವಾರಿಜಕ್ಕ ಎಸ್‌ಐಯನ್ನು ಕೇಳಿದರು. ಅವನು ಕೀಯನ್ನು ಡ್ರೈವರನ ಕಡೆಗೆ ಎಸೆದು ಜೀಪು ಹತ್ತಿದ.

ಗೆದ್ದೆವು ಎಂದು ನಾವು ಸಂತೋಷಪಟ್ಟೆವೆಂದು ನೀವು ತಿಳಿದಿದ್ದರೆ ಅದು ತಪ್ಪು. ವ್ಯಾನು ಹೊರಟ ಕೂಡಲೇ ಎಲ್ಲರೂ ವಾರಿಜಕ್ಕನ ಮೇಲೆ ಬಿದ್ದರು. ಗುಲಾಬಿ ಎಂಬವಳ ಮನೆಯಲ್ಲಿ ಮಲಗಿದಲ್ಲೇ ಇರುವ ಅತ್ತೆ ಇದ್ದರು. "ನಿನ್ನ ಕಾನೂನು ಕಟ್ಟಿಕೊಂಡು ನಮಗೆಂತ ಆಗಬೇಕು? ತೋರಿಸಿದ್ದರೆ ಎರಡು ನಿಮಿಷದ ಕೆಲಸ" ಎಂದು ಅವಳು ಅತ್ತೇ ಬಿಟ್ಟಳು.

ಸಿದ್ದಕಟ್ಟೆಯಲ್ಲಿ ಇಳಿದ ಮೇಲೆ ನಾವಿಬ್ಬರೂ ಒಂದೇ ದಾರಿ. ಸ್ವಲ್ಪ ದೂರ ನಡೆದ ಮೇಲೆ ಅವರಾಗಿಯೇ ಹೇಳಿದರು:

"ತಪ್ಪು ಮಾಡದವರಿಗೆ ಹೆದರಿಕೆ ಯಾಕೆ ಅಂತ ಅವ ಕೇಳಿದನಲ್ಲ ಶಶಿ, ಆ ಮಾತನ್ನು ಉಮೇಶನಿಗೆ ಹೇಳಿದ್ದು ನಾನೇ."

ಉಮೇಶ ಮನೆಗಳಿಗೆ ಪೈಂಟ್ ಮಾಡುತ್ತಿದ್ದವನು. ಬೆಳ್ತಂಗಡಿಯ ಕಡೆ ಒಂದು ದೊಡ್ಡ ಮನೆಗೆ ಬಣ್ಣ ಹೊಡೆದು ಬಂದ ಎರಡು ವಾರಕ್ಕೆ ಅಲ್ಲಿ ಕಳವಾಯಿತು. "ಸುಮ್ಮನೆ ಎರಡು ಮಾತು ಕೇಳಲಿಕ್ಕೆ ಉಂಟು" ಎಂದು ಪೊಲೀಸರು ಕರೆದರು. ಅವನಿಗೆ ಹೋಗಲು ಮನಸ್ಸಿರಲಿಲ್ಲ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗುವ ಎಂದನಂತೆ. ಅಕ್ಕನೇ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟು, "ಕೇಳಿದ್ದಕ್ಕೆಲ್ಲ ಮರ್ಯಾದೆಯಲ್ಲಿ ಉತ್ತರ ಕೊಡು. ತಪ್ಪು ಮಾಡದವನಿಗೆ ಎಂತ ಹೆದರಿಕೆ?" ಎಂದು ಒಬ್ಬನನ್ನೇ ಕಳುಹಿಸಿದರು.

ಅವನು ಎಲ್ಲದಕ್ಕೂ ಉತ್ತರ ಕೊಟ್ಟ. ಕಪಾಟು ಯಾವ ಕೋಣೆಯಲ್ಲಿತ್ತು? ಹೇಳಿದ. ಮನೆಯವರು ಹೊರಗೆ ಹೋಗುವ ಹೊತ್ತು ಯಾವುದು? ಹೇಳಿದ. ಹಿಂಬಾಗಿಲಿನ ಚಿಲಕ ಹೇಗಿತ್ತು? ಅದಕ್ಕೆ ಬಣ್ಣ ಹೊಡೆದವನೇ ಅವನು, ಅದನ್ನೂ ಹೇಳಿದ. ಫೋನ್ ಕೇಳಿದರು, ಲಾಕ್ ತೆಗೆದು ಕೊಟ್ಟ. ಖಾಲಿ ಹಾಳೆಗೆ ಸಹಿ ಕೇಳಿದರು, ಹಾಕಿದ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ ಎಂದು ಅಕ್ಕನಿಗೆ ವಕೀಲರು ಹೇಳುವ ಹೊತ್ತಿಗೆ ಉಮೇಶ ಜೈಲಿನಲ್ಲಿದ್ದ. ಇಷ್ಟೆಲ್ಲ ಗೊತ್ತಿದ್ದವನೇ ಕಳ್ಳ ಎಂದು ಕೇಸು ಕಟ್ಟಿದ್ದರು. ಅವನು ಕೊಟ್ಟ ಉತ್ತರಗಳನ್ನೇ ಹೆಣೆದು ಅವನಿಗೆ ಹಗ್ಗ ಮಾಡಿದ್ದರು.

ಕೋರ್ಟಿನಲ್ಲಿ ಕೊನೆಗೆ ಅವನು ನಿರಪರಾಧಿ ಎಂದಾಯಿತು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಬಿಡುಗಡೆಯಾದ ಮೇಲೆ ಯಾರೂ ಅವನನ್ನು ಮನೆಯೊಳಗೆ ಬಿಟ್ಟುಕೊಂಡು ಬಣ್ಣ ಹೊಡೆಯಲು ಗೋಡೆ ತೋರಿಸಲಿಲ್ಲ. ಅವನೂ ಕೇಳಲಿಲ್ಲ. "ಊಟ ಆಯಿತಾ ಅಂತ ಕೇಳಿದರೂ ಅವ ಉತ್ತರ ಕೊಡುವುದಿಲ್ಲ ಶಶಿ. ಬಟ್ಟಲು ನೋಡಿ ನಾನೇ ತಿಳಿದುಕೊಳ್ಳಬೇಕು" ಎಂದರು ವಾರಿಜಕ್ಕ. ಬೆಳ್ತಂಗಡಿ ಕೋರ್ಟಿನ ಪ್ರತಿ ವಾಯಿದೆಗೂ ಅವರು ಕಾರ್ಖಾನೆಗೆ ರಜೆ ಹಾಕಿ ಹೋಗಿದ್ದವರು. ಹೋದಾಗಲೆಲ್ಲ ವಕೀಲರಲ್ಲಿ ಒಂದೊಂದು ಪ್ರಶ್ನೆ ಕೇಳಿ ತಿಳಿದುಕೊಂಡು ಬರುತ್ತಿದ್ದರು. ರಸ್ತೆಯಲ್ಲಿ ಅವರು ಎಸ್‌ಐಗೆ ಹೇಳಿದ ಒಂದೊಂದು ಮಾತೂ ಹಾಗೆ ಕಲಿತದ್ದು.

ಪೊಲೀಸರೆದುರು ಬಾಯಿ ಬಿಡಲೇಬಾರದು ಎಂಬ ಹಟ ಅವರದಲ್ಲ. ಕಾರ್ಖಾನೆಯ ಎದುರು ಒಮ್ಮೆ ಟಿಪ್ಪರ್ ಬೈಕಿಗೆ ಗುದ್ದಿದಾಗ ಉಳಿದವರೆಲ್ಲ ನಮಗೇಕೆ ಎಂದು ಒಳಗೆ ಸರಿದರು. ಸಾಕ್ಷಿ ಹೇಳಿದ್ದು ಇವರೊಬ್ಬರೇ. "ಕಂಡದ್ದನ್ನು ಹೇಳಬೇಕು. ಅಂದಾಜು ಹೇಳಬಾರದು. ಬರೆದದ್ದನ್ನು ಓದಿಸಿ ಕೇಳಬೇಕು" ಎಂದು ನಮಗೆಲ್ಲ ಪಾಠ ಮಾಡಿದ್ದರು.

ಪೊಲೀಸರು ವ್ಯಾನು ನಿಲ್ಲಿಸಿದ ಮೂರನೆಯ ದಿನ ಮ್ಯಾನೇಜರ್ ವಾರಿಜಕ್ಕನನ್ನು ಕರೆಸಿದ. ಯಾರೋ ಮಾಲೀಕರಿಗೆ ಫೋನ್ ಮಾಡಿದ್ದರಂತೆ. ಯಾರೆಂದು ಅವನು ಹೇಳಲಿಲ್ಲ. ನಮಗೆ ಹೇಳಬೇಕಾಗಿಯೂ ಇರಲಿಲ್ಲ. "ನಿಮ್ಮಿಂದ ಕಂಪನಿಗೆ ಕೆಟ್ಟ ಹೆಸರು. ನಾಳೆಯಿಂದ ಬರುವುದು ಬೇಡ" ಎಂದ. ಕಾರ್ಖಾನೆಯ ಹಾಲಿನಲ್ಲಿ ಇನ್ನೂರು ಹೆಂಗಸರು ಕೂತಿದ್ದೆವು. ಬಾಗಿಲು ತೆರೆದಿತ್ತು, ಎಲ್ಲ ಕೇಳಿಸುತ್ತಿತ್ತು. ಇನ್ನೂರು ತಲೆಗಳು ಬೀಜದ ಮೇಲೆ ಬಗ್ಗಿದವು. ಅವುಗಳಲ್ಲಿ ಒಂದು ನನ್ನದು. ಇಪ್ಪತ್ತೊಂಬತ್ತು ವರ್ಷ ದುಡಿದವರು ಒಂದು ಬುತ್ತಿ ಚೀಲ ಹಿಡಿದುಕೊಂಡು ನಮ್ಮ ನಡುವೆ ಹಾದು ಹೋದರು. ಆ ಸಂಜೆಯೂ ಪರದೆಯ ಹಿಂದೆ ಅವರ ಮೈ ತಡವಿ ನೋಡಿಯೇ ಕಳುಹಿಸಿದರು.

ಆಮೇಲೆ ಅವರು ಮನೆಯಲ್ಲೇ ಬೀಡಿ ಕಟ್ಟುತ್ತಿದ್ದರು. ನಾನು ಡಿಗ್ರಿ ಮುಗಿಸಿ ಮಿಜಾರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಆಗೊಮ್ಮೆ ಈಗೊಮ್ಮೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ಕೊನೆಯ ಸಲ ಹೋದದ್ದು ಕಳೆದ ವರ್ಷ, ಒಂದು ಭಾನುವಾರ. ಆ ವಾರ ತೋಡಾರಿನ ಹತ್ತಿರ ನನ್ನ ಸ್ಕೂಟರನ್ನು ಪೊಲೀಸರು ನಿಲ್ಲಿಸಿದ್ದರು. ಕಾಗದಪತ್ರ ತೋರಿಸಿದೆ. ಫೋನ್ ಲಾಕ್ ತೆಗೆದು ಕೊಡಿ ಎಂದರು. "ಯಾವ ಕೇಸಿಗೆ? ಬರೆದು ಕೊಟ್ಟರೆ ನೋಡುವ" ಎಂದೆ. ಕಾನ್‌ಸ್ಟೇಬಲ್ ನನ್ನ ಕುತ್ತಿಗೆಯಲ್ಲಿದ್ದ ಕಾಲೇಜಿನ ಐಡಿ ಕಾರ್ಡ್ ನೋಡಿ, "ಆಯ್ತು ಮೇಡಂ, ಹೋಗಿ" ಎಂದ. ಇದನ್ನು ವಾರಿಜಕ್ಕನಿಗೆ ಹೇಳಲೆಂದೇ ಓಡಿ ಹೋಗಿದ್ದೆ. ನನಗೂ ಬಂತು, ನಾನೂ ಕಲಿತೆ ಎಂದು ತೋರಿಸಿಕೊಳ್ಳುವ ಹುಮ್ಮಸ್ಸು.

ಅವರು ತುಂಬಾ ಬಡಕಲಾಗಿದ್ದರು. ಒಂದು ವಾಕ್ಯಕ್ಕೆ ಎರಡು ಸಲ ಕೆಮ್ಮುತ್ತಿದ್ದರು. ಆದರೂ ಕೈ ಬೀಡಿ ಸುತ್ತುತ್ತಲೇ ಇತ್ತು. ನನ್ನ ಮಾತನ್ನೆಲ್ಲ ಕೇಳಿ, "ಅಲ್ಲಿ ನಿನ್ನನ್ನು ಮಾತ್ರವಾ ನಿಲ್ಲಿಸಿದ್ದು?" ಎಂದು ಕೇಳಿದರು.

"ಇಲ್ಲ, ನನ್ನ ಹಿಂದೆ ಒಬ್ಬ ಇದ್ದ. ಕಟ್ಟಡದ ಕೆಲಸಕ್ಕೆ ಬಂದವನು, ಉತ್ತರದ ಕಡೆಯವನು ಅಂತ ಕಾಣ್ತದೆ."

"ಅವನ ಫೋನೂ ಕೇಳಿದರಾ?"

"ಹ್ಞೂಂ. ಅವ ಕೊಟ್ಟ."

"ಕೊಟ್ಟ ಮೇಲೆ?"

ಮೇಡಂ ಹೋಗಿ ಎಂದ ಕೂಡಲೇ ನಾನು ಸ್ಕೂಟರ್ ಸ್ಟಾರ್ಟ್ ಮಾಡಿದ್ದೆ. ಕನ್ನಡಿಯಲ್ಲಿ ಒಮ್ಮೆ ಕಂಡಿದ್ದೆ: ಅವನ ಎರಡೂ ಕೈಗಳು ಮೇಲಿದ್ದವು, ಒಬ್ಬ ಜೇಬು ತಡಕುತ್ತಿದ್ದ.

"ನೀನು ನಿಲ್ಲಬಹುದಿತ್ತು ಶಶಿ," ಎಂದರು ವಾರಿಜಕ್ಕ. "ಎಂತ ಮಾತಾಡದಿದ್ದರೂ ಅಡ್ಡಿ ಇರಲಿಲ್ಲ. ಅಲ್ಲಿ ನಿಂತು ನೋಡಬಹುದಿತ್ತು. ಉಮೇಶನಿಗೆ ಅಷ್ಟು ಸಿಕ್ಕಿದ್ದರೆ ಸಾಕಿತ್ತು."

ಅವರು ನನ್ನನ್ನು ಕ್ಷಮಿಸಿದರು ಎಂದು ಬರೆಯಲು ನನಗೆ ಆಸೆ. ಹಾಗೇನೂ ಆಗಲಿಲ್ಲ. ಚಹಾ ಮಾಡಿಕೊಟ್ಟರು, ಅಂಗಳದವರೆಗೆ ಬಂದರು, ಬಸ್ಸಿನ ಹೊತ್ತಾಯಿತು ಎಂದರು. ಎರಡು ತಿಂಗಳ ನಂತರ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

ಅಂದಿನಿಂದ ತೋಡಾರಿನ ಆ ಜಾಗ ಬಂದಾಗಲೆಲ್ಲ ನಾನು ಸ್ಕೂಟರ್ ನಿಧಾನ ಮಾಡುತ್ತೇನೆ. ಪೊಲೀಸರು ಯಾರನ್ನಾದರೂ ನಿಲ್ಲಿಸಿದ್ದರೆ ನಾನೂ ನಿಲ್ಲುತ್ತೇನೆ. "ಏನು ಮೇಡಂ?" ಎಂದು ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತೇನೆ, ಕದಲುವುದಿಲ್ಲ. ಆದರೆ ಅಂದು ಕೈ ಎತ್ತಿ ನಿಂತಿದ್ದ ಆ ಮನುಷ್ಯ ಸಂಜೆ ತನ್ನ ಕೋಣೆಗೆ ತಲುಪಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನ ಹೆಸರು ಕೂಡ ನಾನು ಕೇಳಿಕೊಂಡಿರಲಿಲ್ಲ.