ಕಾರಿನ ಬ್ಯಾಟರಿಗೆ ಧೋತರ ಹೊಚ್ಚಿದ್ದು

ನನ್ನ ಮೊಮ್ಮಗಳ ಸುದ್ದಿ ಯಾರರ ಕೇಳಿದ್ರ ಸಾಕು, ಕೈಯಾಗಿನ ಕೆಲಸ ಬಿಟ್ಟು ಹೇಳಾಕ ಕುಂದರ್ತೇನಿ. ನಾ ಸಾಲಿ ಕಲಿತದ್ದು ಮೂರನೇ ಇಯತ್ತೆ ತನಕ. ಆಕಿ ಬಾಗಲಕೋಟ್ಯಾಗ ಡಿಪ್ಲೊಮಾ ಮುಗಿಸ್ಯಾಳ. ನಮ್ಮ ಪಡಸಾಲ್ಯಾಗ ಕುಂತು ಕಾರಿನ ಬ್ಯಾಟರಿಗೆ ತಾನೇ ಚಾರ್ಜರ್ ಕಟ್ಟಿದಾಕಿ!

ಕಾರು ನನ್ನ ಮಗಂದು, ಅಂದ್ರ ಆಕಿ ಅಪ್ಪಂದು. ಇಳಕಲ್ಲಿಂದ ಬಾದಾಮಿಗೆ ಬಾಡಿಗಿ ಹೊಡಿತಾನ. ಪೆಟ್ರೋಲು, ಕರೆಂಟು ಎರಡರ ಮ್ಯಾಲೂ ಓಡೋ ಹೈಬ್ರಿಡ್ ಗಾಡಿ, ಹಳೇದು ತಗೊಂಡಿದ್ದ. ಬ್ಯಾಸಗ್ಯಾಗ ಒಂದಿನ ಬಾದಾಮಿ ಆಚಿಗಿನ ಕುಳಗೇರಿ ಕ್ರಾಸಿನ್ಯಾಗ ಕೆಂಪು ದೀಪ ಹತ್ತಿ ನಿಂತುಬಿಡ್ತು. ಬ್ಯಾಟರಿ ಪೂರಾ ಬದಲಿ ಮಾಡಬೇಕಂದ್ರು ಗ್ಯಾರೇಜಿನವರು. ಅದು ನಮ್ಮ ಕೈಲಿ ಆಗೂ ಮಾತಲ್ಲ. ಮಗ ಹುನಗುಂದದ ಗುಜರಿಯವಗ ಹೇಳೇಬಿಟ್ಟ: "ರವಿವಾರ ಸಂಜಿಕ ಬಂದು ಎಳಕೊಂಡು ಹೋಗ್ರಿ." ಗಾಡಿ ಹೋದ್ರ ಅವಗ ಬ್ಯಾರೇ ದುಡಿಕಿ ಇರಲಿಲ್ಲ.

"ರವಿವಾರದ ತನಕ ನನಗ ಬಿಡಪ್ಪಾ," ಅಂದ್ಲು ಮೊಮ್ಮಗಳು. "ಒಳಗಿನ ಸೆಲ್ ಸತ್ತಿಲ್ಲ. ಕೆಲವು ತುಂಬ್ಯಾವ, ಕೆಲವು ಖಾಲಿ ಅದಾವ. ಎಲ್ಲಾ ಒಂದ ಮಟ್ಟಕ್ಕ ತರಬೇಕು."

ನನಗ ತಟ್ಟನ ತಿಳೀತು, ನಾವು ನೇಕಾರ ಮಂದಿ. ಮಗ್ಗದ ಹಾಸಿನ್ಯಾಗ ಒಂದೆಳಿ ಬಿಗಿ, ಒಂದೆಳಿ ಸಡ್ಲ ಇದ್ರ ಸೀರಿ ಸೀದಾ ಬರ್ತದೇನು?

ಎಲ್ಇಡಿ ದೀಪದ ಒಳಗಿನ ಕರೆಂಟಿನ ಡಬ್ಬಿ, ಒಂದು ಮೀಟರ್, ಹಳೇ ಕಂಪ್ಯೂಟರಿನ ಸಣ್ಣ ಫ್ಯಾನು, ಇಷ್ಟು ಕೂಡಿಸಿ ಚಾರ್ಜರ್ ಮಾಡಿದ್ಲು. ಬ್ಯಾಟರಿ ಬಿಚ್ಚಿ ಹಲಗಿ ಮ್ಯಾಲ ಇಟ್ಟು, ಸುತ್ತ ರಂಗೋಲಿ ಪುಡೀಲೆ ಗೆರಿ ಎಳೆದ್ಲು. "ಈ ಗೆರಿ ಯಾರೂ ದಾಟಬ್ಯಾಡ್ರಿ. ಮುಟ್ಟಿದ್ರ ಜೀವ ಹೋಗ್ತೈತಿ." ಕರೆಂಟು ಹನಿಹನಿಯಾಗಿ ಇಳೀತದ, ಖಾಲಿ ಸೆಲ್ ತುಂಬೂತನಕ ಮೊದಲ ತುಂಬಿದ್ವು ಬಿಸಿ ಆಗ್ತಾವ, ಅದಕ್ಕ ಫ್ಯಾನು ಗಾಳಿ ಹೊಡೀತನ ಇರಬೇಕು ಅಂತ ನನಗ ಹೇಳಿದ್ಲು.

ಫ್ಯಾನಿನ ಮಾತು ಹೇಳೂಮುಂದ ನಮ್ಮ ಯಜಮಾನ್ರು ಮಗ್ಗದ ಖೋಲ್ಯಾಗ ಇದ್ರು.

ರವಿವಾರ ಮಧ್ಯಾಹ್ನ ನಾವು ರೊಟ್ಟಿ ತಿನ್ನಾಕ ಕುಂತಿದ್ವಿ. ಆಕಿ ತುತ್ತು ಎತ್ತಿದ ಕೈ ಹಂಗ ನಿಲ್ಲಿಸಿದ್ಲು. "ಆಯೀ, ಫ್ಯಾನಿನ ಸಪ್ಪಳ ಯಾಕ ಬದಲಾತು?" ಓಡಿದ್ಲು. ಹಿಂದ ನಾನೂ ಓಡಿದೆ.

ಬ್ಯಾಟರಿ ಮ್ಯಾಲ ಯಜಮಾನ್ರ ಹಳೇ ಧೋತರ! ಫ್ಯಾನಿನ ಬಾಯಿಗೆ ಅರಿವಿ ಅಂಟಿಕೊಂಡಿತ್ತು. ಬಿಸಿ ಪ್ಲಾಸ್ಟಿಕ್ಕಿನ ವಾಸನಿ. ಆಕಿ ಸ್ವಿಚ್ ಆರಿಸಿದ್ಲು. ನಾ ನೀರಿನ ಕೊಡಕ್ಕ ಕೈ ಹಾಕಿದೆ.

"ನೀರ ಬ್ಯಾಡ ಆಯೀ! ಅಲ್ಲೇ ನಿಂದ್ರು!"

ರಬ್ಬರ್ ಗ್ಲೌಸ್ ಹಾಕ್ಕೊಂಡು, ಒಣ ಬಿದಿರಿನ ಕೋಲಿಲೆ ಧೋತರ ಎತ್ತಿ ಒಗೆದ್ಲು.

ಊಟಕ್ಕ ಏಳೂಮುಂದ ಮಗ್ಗದ ಹಾಸಿನ ಮ್ಯಾಲ ಅರಿವಿ ಹೊಚ್ಚದ ನಮ್ಮ ಯಜಮಾನ್ರು ಎಂದೂ ಎದ್ದವರಲ್ಲ. ಇದಕ್ಕೂ ಹಂಗ ಮಾಡಿದ್ರು. "ಧೂಳು ಬೀಳತೈತಂತ ಹೊಚ್ಚೀನವಾ. ದೂರದಿಂದ ಒಗದೀನಿ, ಗೆರಿ ಏನೂ ದಾಟಿಲ್ಲ," ಅಂದ್ರು. ಯಾರಿಗೂ ನಗು ಬರಲಿಲ್ಲ.

"ಮುಗೀತು ಬಿಡವಾ," ಅಂದ ಮಗ.

"ಆರಲಿ. ಆರಿದ ಮ್ಯಾಲ ಹೇಳ್ತೇನಿ."

ಗ್ವಾಡಿಗೆ ಆನಿಕೊಂಡು ಕುಂತ್ವಿ. ಗುಜರಿಯವನ ಫೋನ್ ಬಂತು, ಹುನಗುಂದ ಬಿಟ್ಟೀನಿ ಅಂತ. ಮಗ ಬರಬ್ಯಾಡ ಅನ್ನಲಿಲ್ಲ, ಬರ್ರಿ ಅಂತಲೂ ಅನ್ನಲಿಲ್ಲ.

ಮೊಮ್ಮಗಳು ಮೀಟರ್ ಹಚ್ಚಿ ಒಂದೊಂದ ಸೆಲ್ಲಿನ ಅಂಕಿ ಬಾಯಿಬಿಟ್ಟು ಹೇಳಾಕತ್ತಿದ್ಲು. ನನಗ ಆ ಅಂಕಿ ಅರ್ಥ ತಿಳಿಯಂಗಿಲ್ಲ, ಆಕಿ ಬಾಯಿ ನೋಡಕೋತ ಕುಂತೆ. ಅದ ಮಾತು ತಿರುಗಿ ತಿರುಗಿ ಬರಾಕತ್ತು. ಸಮ ಆಗ್ಯಾವ ಅಂತ ಜೀವಕ್ಕ ಗೊತ್ತಾತು. ಕಡೀಕ ಒಂದಕ್ಕ ಆಕಿ ಸುಮ್ಮನಾದ್ಲು. ಮಗ ಎದ್ದ ನಿಂತ. ಆಕಿ ತಂತಿ ತುದಿ ಒರಿಸಿ ಮತ್ತ ಹಚ್ಚಿದ್ಲು. ಉಳಿದವಕ್ಕ ಬಂದ ಅಂಕೀನ ಇದಕ್ಕೂ ಬಂತು!

ಬ್ಯಾಟರಿ ಗಾಡ್ಯಾಗ ಕುಂದರಸೂದ್ರಾಗ ಗುಜರಿಯವನ ಟೆಂಪೋ ಓಣ್ಯಾಗ ಬಂದು ನಿಂತಿತ್ತು. ಮಗ ಕೀಲಿ ತಿರುವಿದ. ಕೆಂಪು ದೀಪ ಹತ್ತಿತು. ನಾ ಕಣ್ಣು ಮುಚ್ಚಿದೆ. "ದೀಪ ಆರೈತಿ ನೋಡು ಆಯೀ!" ಅಂದ್ಲು ಮೊಮ್ಮಗಳು.

ಗುಜರಿಯವ ಹಗ್ಗ ಹಿಡಕೊಂಡು ನಿಂತಿದ್ದ. ನಮ್ಮ ಯಜಮಾನ್ರಿಗೆ ಈಗ ದನಿ ಬಂತು: "ಹಗ್ಗ ಇಲ್ಲೇ ಬಿಟ್ಟು ಹೋಗ್ರಿ, ಎಮ್ಮಿ ಕಟ್ಟಾಕ ಬರ್ತೈತಿ."

ಮಗ ಊರ ಹೊರಗ ಒಂದು ಸುತ್ತು ಹೊಡಕೊಂಡು ಬಂದು, ಗಾಡ್ಯಾಗ ಕುಂತೇ ತನಗ ಗಿರಾಕಿ ಕೊಡೋ ಬಾದಾಮಿ ಲಾಡ್ಜಿಗೆ ಫೋನ್ ಹಚ್ಚಿದ: "ನಾಳೆ ಮುಂಜಾನೆ ಬರ್ತೇನ್ರಿ, ಗಿರಾಕಿಗೆ ಹೇಳ್ರಿ." ಅಷ್ಟೊತ್ತಿಗೆ ನಾ ಓಣಿಯ ಅರ್ಧ ಮನಿಗೆ ಹೇಳಿ ಮುಗಿಸಿದ್ದೆ.