ಸಂತೆಯಲ್ಲಿ ಆಡಿದ ಮಾತು

ನನ್ನ ಬೈಕಿನ ಕೀ ಸವೆದು ಹಲ್ಲುದುರಿದ ಮುದುಕನ ಒಸಡಿನಂತಾಗಿತ್ತು. ಬೀಗವೂ ಅಂಟುತ್ತಿತ್ತು. ನಾನೋ ಜಿಪುಣ ಮೇಷ್ಟ್ರು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಅದಕ್ಕೂ ಬಿಟ್ಟೆ. ಚಳ್ಳಕೆರೆಯ ಧೂಳು ಎಣ್ಣೆಗೆ ಮೆತ್ತಿಕೊಂಡು ಬೀಗ ಇನ್ನಷ್ಟು ಹಟ ಹಿಡಿಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ಕೀ ಮಾಡುವ ಹಿರಿಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ಚಾಚಾ. ಸಂತೆಗೆ ಬಂದವರು ಬೈಕಿನದೋ ಟ್ರ್ಯಾಕ್ಟರಿನದೋ ಕೀಯನ್ನು ಅವರ ಕೈಗಿಟ್ಟು, ಸಂತೆ ಮುಗಿಸಿ ಬಂದು ಹೊಸದನ್ನು ಒಯ್ಯುತ್ತಿದ್ದರು. ಕಾಯುತ್ತ ನಿಲ್ಲುವವರೇ ಇರಲಿಲ್ಲ, ಅಷ್ಟು ನಂಬಿಕೆ. ಚಾಚಾ ನನ್ನ ಬೀಗ ನೋಡಿದವರೇ, ಒಳಗೂ ಸವೆದುಹೋಗಿದೆ, ಒಮ್ಮೊಮ್ಮೆ ನಿಮ್ಮ ಕೀಗೇ ತಿರುಗುವುದಿಲ್ಲ, ಒಮ್ಮೊಮ್ಮೆ ಯಾರ ಕೀಗಾದರೂ ತಿರುಗುತ್ತದೆ, ಬೀಗವನ್ನೇ ಬದಲಾಯಿಸಿ ಎಂದರು. ದುಡ್ಡು ಕೀಳುವ ಉಪಾಯ ಎಂದುಕೊಂಡು ಬರೀ ಕೀ ಮಾಡಿಸಿಕೊಂಡೆ.

ಮುಂದಿನ ಸಂತೆಯ ದಿನ ನಿಲ್ಲಿಸಿದ ಜಾಗದಲ್ಲಿ ಬೈಕು ಇರಲಿಲ್ಲ. ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲಿರುವಂಥದ್ದು. ನೇರ ಹೋಗಿ ಚಾಚಾರ ಮುಂದೆ ನಿಂತು, ಹತ್ತು ಜನ ಕೇಳುವಂತೆ ಅಂದೆ: "ನಂಗೊಂದು ಕೀ ಕೊಟ್ಟು, ಇನ್ನೊಂದು ಯಾವ ಕಳ್ಳನಿಗೆ ಮಾರಿದ್ರಿ?"

ಕೀ ಉಜ್ಜುತ್ತಿದ್ದ ಅವರ ಕೈ ನಿಂತಿತು. ಪಕ್ಕದಲ್ಲಿದ್ದ ರೈತನೊಬ್ಬ ತಾನು ಕೊಟ್ಟಿದ್ದ ಕೀಯನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡ. ಅದನ್ನು ನಾನು ಕಂಡೆ. ಕಂಡು, ಗೆದ್ದೆ ಅಂದುಕೊಂಡೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಪೊಲೀಸ್ ಸ್ಟೇಷನ್ನಿಗೆ ಹೊರಡುವಷ್ಟರಲ್ಲಿ ಬೈಕು ಮರಳಿ ಬಂತು. ತಂದವನು ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವನು. ಅವನದೂ ನನ್ನದರಂಥದ್ದೇ ಕಪ್ಪು ಬೈಕು, ನಾಲ್ಕು ಮಾರು ಆಚೆ ನಿಂತಿತ್ತು. ಅವನ ಸವೆದ ಕೀ ನನ್ನ ಸವೆದ ಬೀಗದಲ್ಲಿ ತಿರುಗಿದೆ, ಹತ್ತಿಕೊಂಡು ಹೋಗಿದ್ದಾನೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಟ್ಯಾಂಕಿನ ಮುಚ್ಚಳ ಮಾತ್ರ ಆ ಕೀಗೆ ತೆರೆಯಲಿಲ್ಲ. ಆಗ ನಂಬರ್ ನೋಡಿದನಂತೆ. ಎಲ್ಲರೆದುರಿಗೂ ಕೈಮುಗಿದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತಪ್ಪಾಯಿತೆಂದ. ನಾನು ದೊಡ್ಡ ಮನುಷ್ಯನಂತೆ ಅವನ ಬೆನ್ನು ತಟ್ಟಿದೆ. ಚಾಚಾರ ಕಡೆ ತಿರುಗಿಯೂ ನೋಡಲಿಲ್ಲ.

ಮೂರು ದಿನ ಅನ್ನ ರುಚಿಸಲಿಲ್ಲ. ನಾಲ್ಕನೆಯ ದಿನ ಸಂಜೆ, ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಹೋದೆ. ತಪ್ಪು ನನ್ನದು, ಕ್ಷಮಿಸಿಬಿಡಿ ಎಂದೆ. ಚಾಚಾ ಪೆಟ್ಟಿಗೆ ಮುಚ್ಚುತ್ತಲೇ ಹೇಳಿದರು: "ಕಳ್ಳ ಅಂದಿದ್ದು ತುಂಬಿದ ಸಂತೇಲಿ. ಮಾಫಿ ಮಾತ್ರ ಯಾರೂ ಇಲ್ದಾಗ ಕೇಳ್ತೀರಲ್ರಿ ಮೇಷ್ಟ್ರೇ. ಬೈಕ್ ಸಿಕ್ಕಿದ್ದು ನಾಕ್ ಜನಕ್ಕೆ ಗೊತ್ತಾಯ್ತು, ನಿಮ್ ಮಾತು ಊರಿಗೆಲ್ಲ ಹಬ್ತು. ಅವತ್ತಿಂದ ಯಾರೂ ನನ್ ಹತ್ರ ಕೀ ಬಿಟ್ಟು ಹೋಗ್ತಿಲ್ಲ. ಕೆಲ್ಸ ಮುಗಿಯೋ ತಂಕ ಎದುರಿಗೇ ನಿಂತಿರ್ತಾರೆ."

ಸಂತೆಯ ದಿನವೇ ಬಂದು ಎಲ್ಲರೆದುರು ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಆ ವಾರ ಜ್ವರ ಬಂದಂತಿದೆ ಅಂದುಕೊಂಡೆ. ಮುಂದಿನ ವಾರ ನೆಂಟರ ಮದುವೆಯಿತ್ತು. ಆಮೇಲೆ ನೆವ ಹುಡುಕುವುದನ್ನೂ ಬಿಟ್ಟೆ. ಈಗ ತರಕಾರಿಗೆ ಮೊಳಕಾಲ್ಮೂರಿಗೆ ಹೋಗುತ್ತೇನೆ. ಅಷ್ಟು ದೂರದಿಂದ ಯಾಕೆ ಹೊತ್ತು ತರುತ್ತೀರಿ ಎಂದು ಹೆಂಡತಿ ಕೇಳಿದರೆ, ಅಲ್ಲಿ ಅಗ್ಗ ಅನ್ನುತ್ತೇನೆ.