ಅಸೂಟಿಯ ಕಡಲೆ ಹೊಲದ ಚಿಗರಿಗಳು

ಗಜೇಂದ್ರಗಡದ ಗುಡ್ಡ ಹತ್ತಿ, ನರಗುಂದದ ಗುಡ್ಡ ಇಳಿದು, ಮೂರನೆಯ ದಿನ ಅಸೂಟಿಯ ಎರೆಹೊಲಗಳಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲುಗಳು ಸೋತಿದ್ದವು. ಚಿಗರಿ, ಅಂದರೆ ಕೃಷ್ಣಮೃಗಗಳ ಹಿಂಡು ನೋಡಲೇಬೇಕೆಂಬ ಹಟವೊಂದೇ ಉಳಿದಿತ್ತು. ಕಡಲೆ ಹೊಲದ ಬದುವಿನಲ್ಲಿ ಕೂತಿದ್ದ ರೈತನೊಬ್ಬನನ್ನು ಕೇಳಿದೆ.

"ಈಗಷ್ಟ ಓಡಿಸಿ ಬಂದ್ ಕುಂತೀನ್ ನೋಡ್ರಿ. ಮುಂಜಾನಿಂದ ಇದ ಕೆಲಸ. ಕಡ್ಲಿ ಕುಡಿ ಒಂದೂ ಉಳಸೂದಿಲ್ಲ ಅವು," ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನು ಬುತ್ತಿ ಬಿಚ್ಚಿ ಮೊದಲ ರೊಟ್ಟಿಯನ್ನು ನನ್ನ ಕೈಗಿಟ್ಟ. ಅದನ್ನು ತಿಂದ ಮೇಲೆ ಯಾವ ಬಾಯಿಂದ ಬೈಯಲಿ?

"ಹ್ಯಾಂಗೂ ಅವನ್ನ ನೋಡಾಕ ಬಂದೀರಿ, ಇಲ್ಲೇ ಕುಂದರ್ರಿ. ಹೊಲದ ಕಡೆ ಕಣ್ಣಿಡ್ರಿ. ನಾ ಒಂದ್ ತಾಸ ಅಡ್ಡಾಗ್ತೀನಿ," ಎಂದವನು ಬೇವಿನ ನೆರಳಲ್ಲಿ ಟವೆಲ್ ಹಾಸಿಕೊಂಡು ಕಣ್ಣು ಮುಚ್ಚಿದ.

ಬಿಸಿಲು ಇಳಿಯುವಾಗ ಅವು ಬಂದವು. ಮುಂದೆ ಕಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡು. ಹಿಂದೆ ಹತ್ತಾರು ಹೆಣ್ಣು. ಮೂರು ದಿನ ನಾನು ಹುಡುಕಿದ ಚೆಲುವು ಕಣ್ಣೆದುರೇ ಕಡಲೆಗೆ ಬಾಯಿ ಹಾಕಿತು. ನಾನು ತಿರುಗಿ, ಬಾಯಿ ತೆರೆದು ಮಲಗಿದ್ದವನನ್ನು ನೋಡಿದೆ. ಆಮೇಲೆ ಅವನಿಗೆ ಎಚ್ಚರವಾಗದಂತೆ ಮೆಲ್ಲಗೆ ಎದ್ದು, ಒಂದು ಮಣ್ಣಿನ ಹೆಂಟೆ ಎತ್ತಿ, ಅವುಗಳತ್ತ ಬೀಸಿ ಒಗೆದೆ.